ದಾರಿಬದಿಯಲ್ಲಿ ಬರೆದ ಬಾಕಿ

ವ್ಯಾಪಾರದ ಖಾತೆ ಪುಸ್ತಕಕ್ಕೆ ಒಂದು ಹಳೆಯ ನಿಯಮವುಂಟು. ಒಂದು ಪುಟ ತುಂಬಿದಾಗ ಅದರ ಕೊನೆಯಲ್ಲಿ ಉಳಿದ ಬಾಕಿಯನ್ನು ಮುಂದಿನ ಪುಟದ ಮೊದಲ ಸಾಲಿನಲ್ಲಿಯೇ ಬರೆಯಬೇಕು. ಹಾಗೆ ಬರೆಯದೆ ಹೊಸ ಪುಟವನ್ನು ಸೊನ್ನೆಯಿಂದ ಆರಂಭಿಸಿದವನ ಲೆಕ್ಕವು ನೋಡುವುದಕ್ಕೆ ಶುಭ್ರವಾಗಿಯೇ ಇರುತ್ತದೆ. ಆದರೆ ಅದು ಸುಳ್ಳು ಲೆಕ್ಕ. ತಂದೆಯ ಅಂಗಡಿಯನ್ನು ವಹಿಸಿಕೊಂಡ ಮಗನು ಗೋದಾಮಿನ ಸರಕು ತನ್ನದೆಂದು ಎಣಿಸಿಕೊಂಡು, ತಂದೆ ಮಾಡಿದ ಸಾಲ ಮಾತ್ರ ತನ್ನದಲ್ಲವೆಂದರೆ ಪೇಟೆಯಲ್ಲಿ ಯಾರೂ ಒಪ್ಪುವುದಿಲ್ಲ. ವ್ಯಕ್ತಿಗೆ ಸಲ್ಲುವ ಈ ನ್ಯಾಯವು ಒಂದು ಊರಿಗೆ, ಒಂದು ಜಿಲ್ಲೆಗೆ, ಒಂದು ಜನಸಮುದಾಯಕ್ಕೆ ಸಲ್ಲುವುದೇ? ಹಿಂದಿನವರು ಮಾಡಿದ ಅನ್ಯಾಯವನ್ನು ಇಂದಿನವರು ತಮ್ಮ ಪುಟದ ಮೊದಲ ಸಾಲಿನಲ್ಲಿ ಬರೆದುಕೊಳ್ಳಬೇಕೇ? ಬರೆದುಕೊಂಡರೆ ಅದರಿಂದ ಆಗುವ ಪ್ರಯೋಜನವೇನು? ಈ ಪ್ರಶ್ನೆಗಳಿಗೆ ಗ್ರಂಥಗಳಲ್ಲಿ ಉತ್ತರ ಹುಡುಕುವವರು ಹುಡುಕಲಿ. ಅಮೆರಿಕೆಯ ಮಿಸಿಸಿಪಿ ರಾಜ್ಯದ ಒಂದು ಬಡ ಕೌಂಟಿ ತನ್ನ ರಸ್ತೆಬದಿಯ ಫಲಕಗಳಲ್ಲಿ ಇದಕ್ಕೆ ಉತ್ತರ ಬರೆಯಲು ಯತ್ನಿಸಿತು. ಆ ಯತ್ನದ ಕಥೆ ಆಲೋಚನೆಗೆ ಯೋಗ್ಯವಾದುದು.

ಅಮೆರಿಕೆಯ ಹೆದ್ದಾರಿಗಳಲ್ಲಿ ಸಂಚರಿಸುವವರಿಗೆ ಅಲ್ಲಲ್ಲಿ ಕಂಬದ ಮೇಲೆ ನಿಲ್ಲಿಸಿದ ಲೋಹದ ಫಲಕಗಳು ಕಾಣಸಿಗುತ್ತವೆ. ಇಲ್ಲಿ ಇಂತಹ ಯುದ್ಧ ನಡೆಯಿತು, ಇಲ್ಲಿ ಇಂತಹವರು ಹುಟ್ಟಿದರು, ಈ ಊರು ಇಂತಹ ವರ್ಷದಲ್ಲಿ ಸ್ಥಾಪಿತವಾಯಿತು ಎಂಬ ನಾಲ್ಕಾರು ಸಾಲಿನ ಚರಿತ್ರೆ ಅವುಗಳ ಮೇಲಿರುತ್ತದೆ. ವರ್ಜೀನಿಯಾ ರಾಜ್ಯವು 1927ರಿಂದಲೇ ಇಂತಹ ಫಲಕಗಳನ್ನು ನಿಲ್ಲಿಸುತ್ತ ಬಂದಿದೆ. ಮಿಸಿಸಿಪಿ ರಾಜ್ಯದ ಫಲಕಯೋಜನೆ 1949ರಲ್ಲಿ ಆರಂಭವಾಯಿತು. ಮೊಟಕಾದ ವಾಕ್ಯಗಳ ಈ ಚರಿತ್ರೆಯನ್ನು ಓದುವವರು ವಿದ್ವಾಂಸರಲ್ಲ. ಲಾರಿ ಓಡಿಸುವವರು, ಶಾಲೆಯ ಮಕ್ಕಳು, ದಾರಿಹೋಕರು ಓದುತ್ತಾರೆ. ಆದುದರಿಂದಲೇ ಅವುಗಳಿಗೆ ಗ್ರಂಥಕ್ಕಿಲ್ಲದ ಒಂದು ಬಲವಿದೆ. ಗ್ರಂಥವನ್ನು ತೆರೆಯದೆ ಬಿಡಬಹುದು. ದಿನವೂ ಹಾಯುವ ದಾರಿಯಲ್ಲಿ ನಿಂತ ಫಲಕವನ್ನು ನೋಡದೆ ಬಿಡುವುದು ಕಷ್ಟ. ಒಂದು ಊರು ತನ್ನ ವಿಷಯದಲ್ಲಿ ಹತ್ತು ಜನರೆದುರು ಏನನ್ನು ಹೇಳಿಕೊಳ್ಳಲು ಒಪ್ಪುತ್ತದೆ, ಏನನ್ನು ಹೇಳಲು ನಾಚುತ್ತದೆ ಎಂಬುದು ಅದರ ಫಲಕಗಳಿಂದ ತಿಳಿಯುತ್ತದೆ.

ಕೌಂಟಿಯೆಂದರೆ ಸ್ಥೂಲವಾಗಿ ನಮ್ಮ ಜಿಲ್ಲೆಯಂತಹ ಆಡಳಿತ ಭಾಗ. ಟ್ಯಾಲಹ್ಯಾಚಿ ಕೌಂಟಿಯ ಹೆಸರು ಅಲ್ಲಿ ಹರಿಯುವ ನದಿಯ ಹೆಸರೇ. ಹತ್ತಿಯ ಹೊಲಗಳು ಕಣ್ಣು ಹಾಯುವಷ್ಟು ದೂರ ಹಬ್ಬಿರುವ ಈ ಪ್ರದೇಶಕ್ಕೆ ಎರಡು ಆಡಳಿತ ಕೇಂದ್ರಗಳು, ಎರಡು ನ್ಯಾಯಾಲಯಗಳು: ಚಾರ್ಲ್ಸ್‌ಟನ್ ಒಂದು, ಸಮ್ನರ್ ಇನ್ನೊಂದು. 2020ರ ಜನಗಣತಿಯಲ್ಲಿ ಇಡೀ ಕೌಂಟಿಯ ಜನಸಂಖ್ಯೆ ಹದಿಮೂರು ಸಾವಿರವನ್ನು ಮುಟ್ಟಲಿಲ್ಲ. ಹತ್ತಿಯನ್ನು ಬೆಳೆದವರಲ್ಲಿ ಬಹುಪಾಲು ಕಪ್ಪು ಜನಾಂಗದವರು; ನೆಲದ ಒಡೆತನ, ನ್ಯಾಯಾಲಯ, ಮತಪಟ್ಟಿ ಇವು ದೀರ್ಘಕಾಲ ಬಿಳಿಯರ ಕೈಯಲ್ಲಿದ್ದವು. ಇಲ್ಲಿ 1955ರಲ್ಲಿ ನಡೆದ ಒಂದು ಮೊಕದ್ದಮೆ ಲೋಕದಾದ್ಯಂತ ಸುದ್ದಿಯಾಯಿತು. ಆದರೆ ಐವತ್ತು ವರ್ಷಗಳವರೆಗೆ ಆ ಕೌಂಟಿಯ ಯಾವ ಫಲಕದ ಮೇಲೂ ಅದರ ಸುಳಿವಿರಲಿಲ್ಲ.

ಎಮೆಟ್ ಟಿಲ್ ಎಂಬ ಬಾಲಕ ಹುಟ್ಟಿದ್ದು 1941ರ ಜುಲೈ 25ರಂದು, ಷಿಕಾಗೋ ನಗರದಲ್ಲಿ. ತಾಯಿ ಮೇಮಿಗೆ ಅವನೊಬ್ಬನೇ ಮಗ. 1955ರ ಆಗಸ್ಟ್ ತಿಂಗಳಲ್ಲಿ ರಜೆ ಕಳೆಯಲೆಂದು ಆತ ಮಿಸಿಸಿಪಿಯಲ್ಲಿದ್ದ ಬಂಧುಗಳ ಮನೆಗೆ ಬಂದ. ಆಗ ಅವನಿಗೆ ಹದಿನಾಲ್ಕು ವರ್ಷ. ಆಗಸ್ಟ್ 24ರಂದು ಪಕ್ಕದ ಲೆಫ್ಲೋರ್ ಕೌಂಟಿಯ ಮನಿ ಎಂಬ ಹಳ್ಳಿಯ ದಿನಸಿ ಅಂಗಡಿಗೆ ಹೋಗಿದ್ದಾಗ ಅಂಗಡಿಯೊಡತಿಯಾದ ಬಿಳಿಯ ತರುಣಿಯನ್ನು ನೋಡಿ ಸಿಳ್ಳೆ ಹಾಕಿದನೆಂಬುದು ಅವನ ಮೇಲಿನ ದೂರು. ನಾಲ್ಕು ದಿನಗಳ ನಂತರ, 28ರ ನಸುಕಿಗೆ ಮುಂಚೆ, ಆಕೆಯ ಗಂಡ ರಾಯ್ ಬ್ರಯಂಟ್ ಮತ್ತು ಅವನ ಮಲಸಹೋದರ ಜೆ. ಡಬ್ಲ್ಯೂ. ಮೈಲಮ್ ಪಿಸ್ತೂಲು ಹಿಡಿದು ಬಂದು ಬಾಲಕನನ್ನು ಹಾಸಿಗೆಯಿಂದ ಎಬ್ಬಿಸಿ ಕೊಂಡೊಯ್ದರು. ಮೂರು ದಿನಗಳ ಬಳಿಕ, 31ರಂದು, ಟ್ಯಾಲಹ್ಯಾಚಿ ನದಿಯಲ್ಲಿ ಶವ ಸಿಕ್ಕಿತು. ಅದರ ಕೊರಳಿಗೆ ಹತ್ತಿ ಬಿಡಿಸುವ ಜಿನ್ನಿನ ಭಾರವಾದ ಲೋಹದ ಫ್ಯಾನನ್ನು ಮುಳ್ಳುತಂತಿಯಿಂದ ಬಿಗಿಯಲಾಗಿತ್ತು. ಮುಖ ಗುರುತು ಸಿಗದಷ್ಟು ಜಜ್ಜಿಹೋಗಿತ್ತು. ಬೆರಳಿನಲ್ಲಿದ್ದ, ತೀರಿಹೋದ ತಂದೆಯ ಹೆಸರಿನ ಮೊದಲಕ್ಷರಗಳಿದ್ದ ಉಂಗುರದಿಂದ ಬಂಧುಗಳು ಅವನನ್ನು ಗುರುತಿಸಿದರು.

ಕೌಂಟಿಯ ಷೆರಿಫ್ ಆ ಶವವನ್ನು ಕೂಡಲೇ ಅಲ್ಲಿಯೇ ಹೂಳಬೇಕೆಂದು ಬಯಸಿದ. ತಾಯಿ ಒಪ್ಪಲಿಲ್ಲ. ಶವವು ಷಿಕಾಗೋಗೆ ಬಂದಾಗ ಆಕೆ ಪೆಟ್ಟಿಗೆಯ ಮುಚ್ಚಳ ತೆಗೆಸಿದಳು. ತನ್ನ ಮಗನಿಗೆ ಆದುದನ್ನು ಲೋಕವೆಲ್ಲ ನೋಡಲಿ ಎಂದಳು. ಸಾವಿರಾರು ಜನ ಸಾಲುಗಟ್ಟಿ ನೋಡಿದರು. ಕಪ್ಪು ಜನರ ಪತ್ರಿಕೆಗಳು ಆ ಮುಖದ ಚಿತ್ರವನ್ನು ಪ್ರಕಟಿಸಿದವು. ಮುಚ್ಚಿಡಬೇಕೆಂದವರ ಮತ್ತು ತೆರೆದಿಡಬೇಕೆಂದವಳ ನಡುವಣ ಈ ಮೊದಲ ಜಗ್ಗಾಟವೇ ಮುಂದಿನ ಅರವತ್ತೈದು ವರ್ಷಗಳ ಕಥೆಯ ಬೀಜ. ಅಧಿಕಾರದ ಕೈಯಲ್ಲಿ ಮಣ್ಣಿತ್ತು, ತಾಯಿಯ ಕೈಯಲ್ಲಿ ಸತ್ಯ ಮಾತ್ರವಿತ್ತು.

ಶವವು ದೊರೆತದ್ದು ಟ್ಯಾಲಹ್ಯಾಚಿ ಕೌಂಟಿಯ ನೀರಿನಲ್ಲಿ. ಆದುದರಿಂದ ವಿಚಾರಣೆ ಸಮ್ನರ್ ಪಟ್ಟಣದ ನ್ಯಾಯಾಲಯದಲ್ಲಿ ನಡೆಯಿತು. 1955ರ ಸೆಪ್ಟೆಂಬರ್ 19ರಿಂದ 23ರವರೆಗೆ ಐದು ದಿನ. ಜ್ಯೂರಿಯ ಹನ್ನೆರಡು ಮಂದಿಯೂ ಬಿಳಿಯರು, ಎಲ್ಲರೂ ಗಂಡಸರು. ಮತಪಟ್ಟಿಯಿಂದ ಜ್ಯೂರಿಯನ್ನು ಆರಿಸುವ ಪದ್ಧತಿಯಿದ್ದು, ಆ ಪಟ್ಟಿಯಲ್ಲಿ ಕಪ್ಪು ಜನಾಂಗದ ಒಬ್ಬರ ಹೆಸರೂ ಇರಲಿಲ್ಲ. ಬಾಲಕನ ತಾಯಿಯ ಚಿಕ್ಕಪ್ಪನ ಸ್ಥಾನದಲ್ಲಿದ್ದ, ಅರವತ್ನಾಲ್ಕು ವರ್ಷದ ಮೋಸಸ್ ರೈಟ್ ಎಂಬ ರೈತನು ಸಾಕ್ಷಿಕಟ್ಟೆಯಲ್ಲಿ ಎದ್ದುನಿಂತು, ತನ್ನ ಮನೆಯಿಂದ ಹುಡುಗನನ್ನು ಕೊಂಡೊಯ್ದವರು ಇವರೇ ಎಂದು ಇಬ್ಬರು ಬಿಳಿಯರತ್ತ ಬೆರಳು ತೋರಿಸಿದ. ಆ ಕಾಲದ ಮಿಸಿಸಿಪಿಯಲ್ಲಿ ಹಾಗೆ ಬೆರಳೆತ್ತುವುದೆಂದರೆ ಪ್ರಾಣದ ಆಸೆ ಬಿಟ್ಟಂತೆಯೇ. ಹದಿನೆಂಟು ವರ್ಷದ ವಿಲ್ಲಿ ರೀಡ್ ಎಂಬ ಕೂಲಿಯ ಹುಡುಗ, ಒಂದು ಕೊಟ್ಟಿಗೆಯೊಳಗಿಂದ ಹೊಡೆತದ ಸದ್ದೂ ಚೀತ್ಕಾರವೂ ಕೇಳಿಬಂದದ್ದನ್ನು ಹೇಳಿದ. ಸಾಕ್ಷಿ ನುಡಿದ ಮೇಲೆ ಇಬ್ಬರೂ ಹುಟ್ಟೂರು ತೊರೆದು ಉತ್ತರಕ್ಕೆ ಹೋಗಬೇಕಾಯಿತು. ಷೆರಿಫ್ ಮಾತ್ರ, ನೀರಿನಿಂದ ತೆಗೆದ ಶವ ಆ ಹುಡುಗನದೇ ಎಂದು ಹೇಳಲಾಗದು ಎಂದು ಸಾಕ್ಷಿ ನುಡಿದ. ಜ್ಯೂರಿಯು 67 ನಿಮಿಷಗಳಲ್ಲಿ ತೀರ್ಪಿತ್ತಿತು: ಆರೋಪಿಗಳು ನಿರ್ದೋಷಿಗಳು.

ಇನ್ನು ಹೇಳಬೇಕಾದ ಮಾತು ಇದಕ್ಕಿಂತ ಕಹಿಯಾದುದು. ಒಮ್ಮೆ ಬಿಡುಗಡೆಯಾದವರನ್ನು ಅದೇ ಅಪರಾಧಕ್ಕಾಗಿ ಮತ್ತೆ ವಿಚಾರಿಸುವಂತಿಲ್ಲವೆಂಬುದು ಅಲ್ಲಿನ ಕಾನೂನು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ, 1956ರ ಜನವರಿಯಲ್ಲಿ, ಆ ಇಬ್ಬರೂ ಲುಕ್ ಎಂಬ ಪತ್ರಿಕೆಗೆ ಹಣ ಪಡೆದು ತಾವೇ ಕೊಂದೆವೆಂದು ಹೇಳಿದರು. ಇದನ್ನು ತಪ್ಪೊಪ್ಪಿಗೆಯೆಂದು ಕರೆಯಬಹುದೇ? ಅದರಲ್ಲಿ ಪಶ್ಚಾತ್ತಾಪದ ಒಂದು ಅಕ್ಷರವೂ ಇರಲಿಲ್ಲ. ಅಷ್ಟೇ ಅಲ್ಲ, ಅದರಲ್ಲಿ ಒಂದು ಜಾಣ ಸುಳ್ಳೂ ಅಡಗಿತ್ತು. ಹೊಡೆತಗಳು ಬಿದ್ದದ್ದು ಪಕ್ಕದ ಸನ್‌ಫ್ಲವರ್ ಕೌಂಟಿಯಲ್ಲಿ, ಡ್ರೂ ಪಟ್ಟಣದ ಬಳಿ, ಮೈಲಮನ ಸಹೋದರನ ಸುಪರ್ದಿಯಲ್ಲಿದ್ದ ಕೊಟ್ಟಿಗೆಯಲ್ಲಿ. ವಿಲ್ಲಿ ರೀಡ್ ಹೇಳಿದ್ದೂ ಅದನ್ನೇ. ಆದರೆ ಅಲ್ಲಿ ಕೈಜೋಡಿಸಿದ ಇತರರಿಗೆ ನ್ಯಾಯಾಲಯದ ಬಿಡುಗಡೆಯ ರಕ್ಷೆಯಿರಲಿಲ್ಲ. ಅವರನ್ನು ಉಳಿಸುವುದಕ್ಕಾಗಿ ಕೊಲೆಗಾರರಿಬ್ಬರೂ ಕೊಟ್ಟಿಗೆಯ ಹೆಸರನ್ನೇ ಎತ್ತದೆ, ಎಲ್ಲವೂ ತಮ್ಮಿಬ್ಬರಿಂದಲೇ ಬೇರೆಡೆ ನಡೆಯಿತೆಂದು ಕಥೆ ಕಟ್ಟಿದರು. ಪತ್ರಿಕೆಯ ಲಕ್ಷಾಂತರ ಪ್ರತಿಗಳು ಹಂಚಿಹೋದವು. ಅಚ್ಚಾದ ಸುಳ್ಳು ಊರಿನ ನೆನಪನ್ನೇ ಬದಲಾಯಿಸಿತು. ಸತ್ಯ ನುಡಿದ ಕಪ್ಪು ಹುಡುಗನ ಮಾತು ಕಡತದಲ್ಲಿ ಉಳಿಯಿತು; ಹಣಕ್ಕೆ ಮಾರಿದ ಮಾತು ಚರಿತ್ರೆಯಾಗಿ ಓಡಾಡಿತು. ದಶಕಗಳವರೆಗೆ ಆ ಕೊಟ್ಟಿಗೆಯ ಬಳಿ ಯಾವ ಗುರುತೂ ಇರಲಿಲ್ಲ. ಅರ್ಧ ಒಪ್ಪಿಕೊಂಡು ಅರ್ಧ ಮುಚ್ಚಿಡುವ ತಪ್ಪೊಪ್ಪಿಗೆಯು ಮೌನಕ್ಕಿಂತ ಹೆಚ್ಚು ಕೇಡು ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಮುಂದಿನ ಐವತ್ತು ವರ್ಷಗಳಲ್ಲಿ ಸಮ್ನರ್ ಪಟ್ಟಣ ಈ ವಿಷಯವನ್ನು ಬಾಯಿಗೆ ತರಲಿಲ್ಲ. ನ್ಯಾಯಾಲಯದ ಮುಂದೆ ಒಂದು ಸ್ಮಾರಕವಿತ್ತು ನಿಜ. ಅದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬೇರ್ಪಟ್ಟ ದಕ್ಷಿಣದ ರಾಜ್ಯಗಳ ಸೈನಿಕರಿಗಾಗಿ, ಆ ಯುದ್ಧ ಮುಗಿದು ಬಹಳ ವರ್ಷಗಳಾದ ಮೇಲೆ, ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ನಿಲ್ಲಿಸಿದ ಪ್ರತಿಮೆ. ಊರಿಗೆ ನೆನಪಿನ ಶಕ್ತಿ ಇರಲಿಲ್ಲವೆನ್ನುವಂತಿಲ್ಲ. ಯಾವುದನ್ನು ನೆನೆಯಬೇಕು, ಯಾವುದನ್ನು ಮರೆಯಬೇಕು ಎಂಬ ಆಯ್ಕೆ ಅಲ್ಲಿ ಮೊದಲೇ ನಡೆದುಹೋಗಿತ್ತು. ಅಷ್ಟರಲ್ಲಿ ಮೈಲಮ್ 1980ರಲ್ಲಿಯೂ ಬ್ರಯಂಟ್ 1994ರಲ್ಲಿಯೂ ಶಿಕ್ಷೆಯಿಲ್ಲದೆ ತೀರಿಕೊಂಡರು. ಮಗನ ಹೆಸರನ್ನು ಬಿಡದೆ ಹೇಳುತ್ತಲೇ ಬಂದ ತಾಯಿ ಮೇಮಿ ಟಿಲ್-ಮೋಬ್ಲಿ 2003ರ ಜನವರಿಯಲ್ಲಿ ತೀರಿಕೊಂಡರು. 2004ರಲ್ಲಿ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ ತನಿಖೆಯನ್ನು ಮತ್ತೆ ತೆರೆಯಿತು. 2005ರಲ್ಲಿ ಶವವನ್ನು ಹೊರತೆಗೆದು ಪರೀಕ್ಷಿಸಿದಾಗ, ಅದು ಎಮೆಟ್ ಟಿಲ್‌ನದೇ ಎಂದು ಡಿಎನ್ಎ ಸಾಕ್ಷ್ಯದಿಂದ ದೃಢಪಟ್ಟಿತು. ಷೆರಿಫನ ಸಂಶಯಕ್ಕೆ ಉತ್ತರ ದೊರೆಯಲು ಐವತ್ತು ವರ್ಷ ಹಿಡಿಯಿತು. 2007ರಲ್ಲಿ ಗ್ರ್ಯಾಂಡ್ ಜ್ಯೂರಿಯು ಯಾರ ಮೇಲೂ ಹೊಸದಾಗಿ ಆರೋಪ ಹೊರಿಸಲಿಲ್ಲ. ನ್ಯಾಯಾಲಯದ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತಾಯಿತು.

ಇಂತಹ ಸಮಯದಲ್ಲಿ ಕೌಂಟಿಯೇ ಬಾಯಿ ತೆರೆಯಿತು. ಜೆರೋಮ್ ಲಿಟಲ್ ಎಂಬುವರು ಟ್ಯಾಲಹ್ಯಾಚಿ ಕೌಂಟಿಯ ಆಡಳಿತ ಮಂಡಳಿಗೆ ಅಧ್ಯಕ್ಷರಾದ ಮೊದಲ ಕಪ್ಪು ವ್ಯಕ್ತಿ. ಅವರ ಪ್ರಯತ್ನದಿಂದ 2006ರಲ್ಲಿ ಎಮೆಟ್ ಟಿಲ್ ಸ್ಮಾರಕ ಆಯೋಗವು ರಚಿತವಾಯಿತು. ಅದರಲ್ಲಿ ಕಪ್ಪು ಜನರೂ ಬಿಳಿಯರೂ ಒಂದೇ ಮೇಜಿನ ಸುತ್ತ ಕುಳಿತರು. 1955ರಲ್ಲಿ ಅಂತಹ ಮೇಜು ಆ ಊರಿನಲ್ಲಿ ಇರುವಂತಿರಲಿಲ್ಲ. 2007ರ ಅಕ್ಟೋಬರ್ 2ರಂದು, ಕೊಲೆಗಾರರು ನಗುತ್ತ ಹೊರಬಂದಿದ್ದ ಅದೇ ನ್ಯಾಯಾಲಯದ ಮುಂದೆ, ಟಿಲ್ ಕುಟುಂಬದವರ ಸಮ್ಮುಖದಲ್ಲಿ ಒಂದು ನಿರ್ಣಯವನ್ನು ಓದಲಾಯಿತು. ಈ ಮೊಕದ್ದಮೆಯಲ್ಲಿ ನ್ಯಾಯವು ಘೋರವಾಗಿ ತಪ್ಪಿತೆಂದೂ, ನ್ಯಾಯವನ್ನು ದೊರಕಿಸುವಲ್ಲಿ ತಾವು ಸೋತೆವೆಂದೂ, ಅದಕ್ಕಾಗಿ ಗಾಢವಾಗಿ ವಿಷಾದಿಸುತ್ತೇವೆಂದೂ ಕೌಂಟಿಯ ಪ್ರಜೆಗಳ ಹೆಸರಿನಲ್ಲಿ ಅದು ಹೇಳಿತು. ಅದೇ ದಿನ ನ್ಯಾಯಾಲಯದ ಮುಂದೆ ರಾಜ್ಯದ ಚಾರಿತ್ರಿಕ ಫಲಕವೊಂದು ಅನಾವರಣಗೊಂಡಿತು. ಇಲ್ಲಿ ಏನು ನಡೆಯಿತೆಂಬುದನ್ನು ಊರು ತನ್ನ ಬಾಯಿಂದಲೇ ಹೇಳಿದ್ದು ಅದೇ ಮೊದಲು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಕೊಂದವರು ಸತ್ತರು, ಸುಳ್ಳು ತೀರ್ಪಿತ್ತವರಲ್ಲಿಯೂ ಬಹುಮಂದಿ ಸತ್ತರು. 2007ರಲ್ಲಿ ಆ ನಿರ್ಣಯಕ್ಕೆ ಒಪ್ಪಿಗೆಯಿತ್ತವರಲ್ಲಿ ಹಲವರು ಆ ಕಾಲಕ್ಕೆ ಮಕ್ಕಳು, ಇನ್ನು ಕೆಲವರು ಹುಟ್ಟಿಯೇ ಇರಲಿಲ್ಲ. ಕಪ್ಪು ಸದಸ್ಯರಂತೂ ಅನ್ಯಾಯಕ್ಕೊಳಗಾದ ಪಕ್ಷದವರು. ಮಾಡದ ತಪ್ಪಿಗೆ ಕ್ಷಮೆ ಕೇಳುವುದು ಅರ್ಥವಿಲ್ಲದ ಉಪಚಾರವಲ್ಲವೇ? ಆಕ್ಷೇಪದಲ್ಲಿ ಸತ್ಯಾಂಶವುಂಟು. ಒಬ್ಬನ ಪಾಪವನ್ನು ಇನ್ನೊಬ್ಬನ ತಲೆಗೆ ಕಟ್ಟುವುದು ಧರ್ಮವಲ್ಲ. ಆದರೆ ಪಾಪ ಬೇರೆ, ಋಣ ಬೇರೆ. ಪಾಪವು ಮಾಡಿದವನೊಡನೆ ಹೋಗುತ್ತದೆ. ಋಣವು ಆಸ್ತಿಯೊಡನೆ ಮುಂದಿನವರಿಗೆ ಬರುತ್ತದೆ. ಕೌಂಟಿಯ ನ್ಯಾಯಾಲಯ, ಅದರ ಮುದ್ರೆ, ಅದರ ದಾಖಲೆಗಳ ಗೌರವ, ಅದರ ಹೆಸರು ಇವೆಲ್ಲವೂ ಪಿತ್ರಾರ್ಜಿತವಾಗಿ ಬಂದ ಸೊತ್ತು. 67 ನಿಮಿಷಗಳ ಆ ತೀರ್ಪು ಕೂಡ ಅದೇ ಮುದ್ರೆಯ ಕೆಳಗೆ ಹೊರಬಿದ್ದದ್ದು. ಮುದ್ರೆಯನ್ನು ಇಟ್ಟುಕೊಂಡವರು ಅದರ ಹೆಸರಿನಲ್ಲಿ ಬರೆದ ಸುಳ್ಳನ್ನು ತಿದ್ದುವ ಹೊಣೆಯನ್ನೂ ಹೊರಬೇಕು. ಸಂಸ್ಥೆಗೆ ವ್ಯಕ್ತಿಯಂತೆ ಸಾವಿಲ್ಲ. ಆದುದರಿಂದ ಅದರ ಸಾಲವೂ ಕೇವಲ ಕಾಲಕಳೆದ ಮಾತ್ರಕ್ಕೆ ತೀರುವುದಿಲ್ಲ.

ಮಾತಿನ ನಂತರ ಕೆಲಸ. 2008ರಲ್ಲಿ ಆಯೋಗವು ಕೌಂಟಿಯ ಎಂಟು ಸ್ಥಳಗಳಲ್ಲಿ ಫಲಕಗಳನ್ನು ನಿಲ್ಲಿಸಿತು. ಅವುಗಳಲ್ಲಿ ಒಂದು ಗ್ಲೆಂಡೋರಾ ಗ್ರಾಮದ ಹೊರಗೆ, ಹತ್ತಿಯ ಹೊಲಗಳನ್ನು ದಾಟಿ ಮಣ್ಣುದಾರಿಯಲ್ಲಿ ಹೋದರೆ ಸಿಗುವ ಗ್ರ್ಯಾಬಾಲ್ ಲ್ಯಾಂಡಿಂಗ್ ಎಂಬ ನದೀತೀರದಲ್ಲಿ, ಶವವನ್ನು ನೀರಿನಿಂದ ಎತ್ತಿದ ಸ್ಥಳದ ಸ್ಮರಣೆಗಾಗಿ ನಿಂತಿತು. ಜನವಸತಿಯಿಲ್ಲದ, ಕಾವಲಿಲ್ಲದ ಜಾಗ. ಅದೇ ವರ್ಷ ಯಾರೋ ಅದನ್ನು ಕಿತ್ತು ನದಿಗೆ ಎಸೆದರು. ಬಾಲಕನಿಗೆ ಆದುದೇ ಅವನ ಹೆಸರು ಹೊತ್ತ ಫಲಕಕ್ಕೂ ಆಯಿತು. ಆಯೋಗವು ಅದೇ ಸ್ಥಳದಲ್ಲಿ ಎರಡನೆಯ ಫಲಕವನ್ನು ನಿಲ್ಲಿಸಿತು. ಈ ಬಾರಿ ಕೀಳುವ ಬದಲು ಗುಂಡು ಹೊಡೆಯತೊಡಗಿದರು, ಒಮ್ಮೆಯಲ್ಲ, ವರ್ಷಗಟ್ಟಲೆ. 2016ರಲ್ಲಿ ಅದರ ಚಿತ್ರವೊಂದು ದೇಶದ ಗಮನ ಸೆಳೆದಾಗ ಅಕ್ಷರಗಳೇ ಕಾಣದಷ್ಟು ತೂತುಗಳಾಗಿದ್ದವು. ಎಣಿಸಿದವರು 317 ತೂತುಗಳೆಂದರು. 2018ರ ಜೂನ್ ತಿಂಗಳಲ್ಲಿ ಮೂರನೆಯ ಫಲಕ ನಿಂತಿತು. 35 ದಿನಗಳಲ್ಲಿ ಅದಕ್ಕೂ ಗುಂಡು ಬಿತ್ತು. 2019ರಲ್ಲಿ ಮೂವರು ಕಾಲೇಜು ವಿದ್ಯಾರ್ಥಿಗಳು ಬಂದೂಕು ಹಿಡಿದು ಆ ಫಲಕದ ಮುಂದೆ ನಗುತ್ತ ನಿಂತ ಚಿತ್ರ ಹೊರಬಂದಿತು. ಕೊಲೆ ನಡೆದಾಗ ಅವರ ತಂದೆತಾಯಿಗಳೂ ಹುಟ್ಟಿದ್ದರೋ ಇಲ್ಲವೋ. ದ್ವೇಷವೂ ಪಿತ್ರಾರ್ಜಿತವಾಗಿ ಬರಬಲ್ಲದು ಎಂಬುದಕ್ಕೆ ಆ ಚಿತ್ರವೇ ಸಾಕ್ಷಿ.

ಫಲಕವು ಯಾರಿಗೂ ಏನೂ ಮಾಡುವುದಿಲ್ಲ. ಅದು ದಂಡ ಹಾಕುವುದಿಲ್ಲ, ಜಮೀನು ಕಿತ್ತುಕೊಳ್ಳುವುದಿಲ್ಲ. ನಡೆದುದನ್ನು ನಾಲ್ಕು ಸಾಲಿನಲ್ಲಿ ಹೇಳಿ ಸುಮ್ಮನೆ ನಿಂತಿರುತ್ತದೆ. ಅಂತಹ ನಿರುಪದ್ರವಿಯಾದ ಲೋಹದ ಹಲಗೆಯ ಮೇಲೆ ಮುನ್ನೂರು ಗುಂಡು ಹಾರಿಸುವಷ್ಟು ಸಿಟ್ಟು ಏಕೆ? ಸುಳ್ಳಿನ ಮೇಲೆ ಕಟ್ಟಿದ ಗೌರವಕ್ಕೆ ಸತ್ಯದ ಸಾನ್ನಿಧ್ಯವೇ ಸಹಿಸಲಾಗದ ಪೆಟ್ಟು. ಸತ್ಯವು ಕೂಗಬೇಕಾಗಿಲ್ಲ, ಇದ್ದರೆ ಸಾಕು. ಬಂದೂಕು ಹಿಡಿದವರೇ ತಮಗೆ ತಿಳಿಯದಂತೆ ಆ ಫಲಕದ ಮಹತ್ವವನ್ನು ಲೋಕಕ್ಕೆ ಸಾರಿದರು. ಯಾರೂ ಮುಟ್ಟದಿದ್ದರೆ ಆ ಮಣ್ಣುದಾರಿಯ ಕೊನೆಯ ಹಲಗೆಯನ್ನು ಓದುವವರು ವರ್ಷಕ್ಕೆ ಎಷ್ಟು ಮಂದಿ ಇರುತ್ತಿದ್ದರು?

ಆಯೋಗದವರ ಮುಂದೆ ಆಗ ಮೂರು ದಾರಿಗಳಿದ್ದವು. ಫಲಕದ ಗೊಡವೆಯನ್ನೇ ಬಿಡುವುದು ಒಂದು. ಅದನ್ನು ಸುರಕ್ಷಿತವಾದ ಬೇರೆ ಜಾಗಕ್ಕೆ ಒಯ್ಯುವುದು ಇನ್ನೊಂದು. ಅಲ್ಲಿಯೇ ಮತ್ತೆ ನಿಲ್ಲಿಸುವುದು ಮೂರನೆಯದು. ಅವರು ಮೂರನೆಯದನ್ನು ಆರಿಸಿದರು. 2019ರ ಅಕ್ಟೋಬರ್ 19ರಂದು ನಾಲ್ಕನೆಯ ಫಲಕ ಅದೇ ನದೀತೀರದಲ್ಲಿ ನಿಂತಿತು. ದಪ್ಪನೆಯ ಉಕ್ಕಿನದು, ಗುಂಡು ತಾಗದಂತೆ ಮೇಲೆ ಅಕ್ರಿಲಿಕ್ ಹೊದಿಕೆ, ತೂಕ 500 ಪೌಂಡಿಗೂ ಹೆಚ್ಚು. ಎರಡು ವಾರ ಕಳೆಯುವಷ್ಟರಲ್ಲಿ ಬಿಳಿಯ ಜನಾಂಗವಾದಿಗಳ ಗುಂಪೊಂದು ಧ್ವಜ ಹಿಡಿದು ಅಲ್ಲಿ ಚಿತ್ರೀಕರಣಕ್ಕೆ ಬಂದಿತು. ಅಲ್ಲಿ ಅಳವಡಿಸಿದ್ದ ಎಚ್ಚರಿಕೆಯ ಗಂಟೆ ಮೊಳಗಿದಾಗ ಓಡಿತು.

ಆ ಫಲಕದ ತೂಕಕ್ಕಿಂತ ಅದರ ಮೇಲಿನ ಬರಹ ಹೆಚ್ಚು ಗಮನಾರ್ಹವಾದುದು. ಎಮೆಟ್ ಟಿಲ್‌ಗೆ ಆದುದನ್ನು ಮಾತ್ರ ಅದು ಹೇಳುವುದಿಲ್ಲ. ಈ ಸ್ಥಳದಲ್ಲಿ ನಿಂತ ಹಿಂದಿನ ಫಲಕಗಳನ್ನು ಕದ್ದು ನದಿಗೆಸೆದದ್ದು, ಮತ್ತೆ ನಿಲ್ಲಿಸಿದ್ದಕ್ಕೆ ಗುಂಡು ಹೊಡೆದದ್ದು, ಮತ್ತೆ ನಿಲ್ಲಿಸಿದ್ದು, ಮತ್ತೆ ಹೊಡೆದದ್ದು, ಈ ಎಲ್ಲವನ್ನೂ ಅದೇ ಫಲಕದಲ್ಲಿ ದಾಖಲಿಸಲಾಗಿದೆ. ಜನಾಂಗಗಳ ನಡುವಣ ಪ್ರಗತಿಗೂ ಇನ್ನೂ ಆಗಬೇಕಾದ ಪ್ರಗತಿಗೂ ಈ ಜಾಗವೇ ಗುರುತು ಎಂಬರ್ಥದ ಜೆರೋಮ್ ಲಿಟಲ್ ಅವರ ಅಭಿಪ್ರಾಯವೂ ಅಲ್ಲಿದೆ. ಅವರು 2011ರಲ್ಲಿಯೇ ತೀರಿಕೊಂಡಿದ್ದರು. ಖಾತೆ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಳೆಯ ಬಾಕಿಯ ಮೇಲೆ ಹೊಸ ಬಾಕಿ ಸೇರಿತು, ಬರೆದವರು ಅದನ್ನೂ ಸೇರಿಸಿ ಮುಂದಿನ ಪುಟಕ್ಕೆ ತಂದರು. ತಮ್ಮ ಊರಿನವರು 2007ರಲ್ಲಿ ಕ್ಷಮೆ ಕೇಳಿ ಶುದ್ಧರಾದರೆಂದು ಬರೆದುಕೊಳ್ಳುವುದು ಸುಲಭವಿತ್ತು. ಕ್ಷಮೆ ಕೇಳಿದ ಮೇಲೂ ಗುಂಡು ಹಾರಿತು ಎಂಬ ಅವಮಾನವನ್ನು ಬರೆದುಕೊಂಡದ್ದರಿಂದ ಆ ಫಲಕಕ್ಕೆ ವಿಶ್ವಾಸಾರ್ಹತೆ ಬಂದಿತು.

ಗುಂಡೇಟು ತಿಂದ ಎರಡನೆಯ ಫಲಕವನ್ನೂ ಅವರು ಗುಜರಿಗೆ ಹಾಕಲಿಲ್ಲ. 2021ರ ಸೆಪ್ಟೆಂಬರ್ ತಿಂಗಳಲ್ಲಿ ಅದು ವಾಷಿಂಗ್ಟನ್ ನಗರದ ಸ್ಮಿತ್ಸೋನಿಯನ್ ಸಂಸ್ಥೆಯ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶಿತವಾಯಿತು. ತಾಯಿ ಅಂದು ಪೆಟ್ಟಿಗೆಯ ಮುಚ್ಚಳ ತೆರೆಸಿದ್ದಳು. ಊರಿನವರು ಇಂದು ತೂತುಬಿದ್ದ ಹಲಗೆಯನ್ನು ಮರೆಮಾಡದೆ ತೋರಿಸಿದರು. ಅರವತ್ತಾರು ವರ್ಷ ತಡವಾಗಿಯಾದರೂ ಆ ಪ್ರದೇಶವು ಆ ತಾಯಿಯ ಪಾಠವನ್ನು ಕಲಿತಿತೆನ್ನಬಹುದು.

ಕಡತಗಳಲ್ಲಿ ಅಡಗಿದ್ದ ಸತ್ಯಗಳೂ ಒಂದೊಂದಾಗಿ ಹೊರಬಂದವು. 2022ರಲ್ಲಿ ಲೆಫ್ಲೋರ್ ಕೌಂಟಿಯ ನ್ಯಾಯಾಲಯದ ನೆಲಮಾಳಿಗೆಯಲ್ಲಿ 1955ರ ಆಗಸ್ಟ್ 29ರ ವಾರಂಟೊಂದು ಸಿಕ್ಕಿತು. ಬಾಲಕನ ಅಪಹರಣಕ್ಕಾಗಿ ಇಬ್ಬರು ಗಂಡಸರೊಡನೆ ಅಂಗಡಿಯ ಆ ತರುಣಿಯ ಹೆಸರಿನಲ್ಲಿಯೂ ಹೊರಟಿದ್ದ ಆದೇಶವದು. ಆಕೆಯನ್ನು ಎಂದೂ ಬಂಧಿಸಿರಲಿಲ್ಲ. ಅದೇ ವರ್ಷ ಗ್ರ್ಯಾಂಡ್ ಜ್ಯೂರಿಯು ಆರೋಪ ಹೊರಿಸಲು ಒಪ್ಪಲಿಲ್ಲ; 2023ರಲ್ಲಿ ಆಕೆಯೂ ತೀರಿಕೊಂಡಳು. ಅರವತ್ತೇಳು ವರ್ಷ ಪೆಟ್ಟಿಗೆಯಲ್ಲಿ ಮಲಗಿದ್ದ ಕಾಗದವನ್ನು ದಾರಿಯ ಬದಿಯಲ್ಲಿ ನಿಂತ ಫಲಕದ ಪಕ್ಕದಲ್ಲಿಟ್ಟು ನೋಡಿದರೆ, ಸತ್ಯವನ್ನು ಬರೆದಿಟ್ಟ ಮಾತ್ರಕ್ಕೆ ಸಾಲದು, ಜನರ ಕಣ್ಣಿಗೆ ಬೀಳುವಲ್ಲಿ ಇಡಬೇಕು ಎಂಬುದು ಮನವರಿಕೆಯಾಗುತ್ತದೆ.

2023ರ ಜುಲೈ 25ರಂದು, ಬಾಲಕ ಬದುಕಿದ್ದರೆ ಎಂಬತ್ತೆರಡು ತುಂಬುತ್ತಿದ್ದ ದಿನ, ಅಮೆರಿಕೆಯ ಅಧ್ಯಕ್ಷರು ಮೂರು ಸ್ಥಳಗಳನ್ನು ಸೇರಿಸಿ ತಾಯಿಮಗನ ಹೆಸರಿನಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ತೆರೆದ ಪೆಟ್ಟಿಗೆಯನ್ನು ಜನ ನೋಡಿದ ಷಿಕಾಗೋದ ಚರ್ಚು, ಸಮ್ನರ್‌ನ ನ್ಯಾಯಾಲಯ ಮತ್ತು ಗ್ರ್ಯಾಬಾಲ್ ಲ್ಯಾಂಡಿಂಗ್ ಇವೇ ಆ ಮೂರು. 1955ರಲ್ಲಿದ್ದಂತೆಯೇ ಜೀರ್ಣೋದ್ಧಾರಗೊಂಡ ನ್ಯಾಯಾಲಯದ ಕೋಣೆಯಲ್ಲಿ, ಮೋಸಸ್ ರೈಟ್ ಬೆರಳೆತ್ತಿದ ಸ್ಥಳವನ್ನು ಬಂದವರು ನೋಡಬಹುದು. ಕೊಲೆಗಾರರ ಸುಳ್ಳಿನಿಂದ ನಕಾಶೆಯಿಂದಲೇ ಮರೆಯಾಗಿದ್ದ ಆ ಕೊಟ್ಟಿಗೆಯನ್ನೂ 2025ರಲ್ಲಿ ಸಮ್ನರ್‌ನ ಎಮೆಟ್ ಟಿಲ್ ಇಂಟರ್‌ಪ್ರಿಟಿವ್ ಸೆಂಟರ್ ಕೊಂಡುಕೊಂಡಿತು. ವಿಲ್ಲಿ ರೀಡ್ ನ್ಯಾಯಾಲಯದಲ್ಲಿ ನುಡಿದ ಮಾತಿಗೆ ಎಪ್ಪತ್ತು ವರ್ಷಗಳ ಮೇಲೆ ಸಿಕ್ಕ ಮನ್ನಣೆಯಿದು. ಅವನು ಅದನ್ನು ನೋಡಲು ಉಳಿದಿರಲಿಲ್ಲ.

ಇದರಿಂದ ಯಾರಿಗೆ ಏನು ದೊರೆಯಿತು? ಬಾಲಕನ ಪ್ರಾಣ ಮರಳಲಿಲ್ಲ. ಕೊಂದವರಿಗೆ ಶಿಕ್ಷೆಯಾಗಲಿಲ್ಲ. ಆ ಕೌಂಟಿಯ ಬಡತನವೂ ಫಲಕಗಳಿಂದ ನೀಗಲಿಲ್ಲ. ವಸೂಲಾಗದ ಸಾಲವೆಂದು ಬಲ್ಲವರೂ ಅದನ್ನು ಪುಸ್ತಕದಿಂದ ಅಳಿಸದೆ ಬರೆಯುತ್ತಲೇ ಹೋಗುವುದರ ಅರ್ಥವೇನು? ಅರ್ಥವಿಷ್ಟೇ: ಅಳಿಸಿದ ದಿನ ಪುಸ್ತಕದ ಉಳಿದ ಎಲ್ಲ ಸಾಲುಗಳೂ ಸುಳ್ಳಾಗುತ್ತವೆ. ತನ್ನ ಕೀರ್ತಿಯನ್ನು ಮಾತ್ರ ಫಲಕದ ಮೇಲೆ ಬರೆದುಕೊಂಡ ಊರಿನ ಕೀರ್ತಿಯನ್ನು ನಂಬುವುದು ಹೇಗೆ? ತಪ್ಪನ್ನು ಬರೆದುಕೊಂಡ ಊರಿನ ಮಕ್ಕಳಿಗಾದರೋ, ತಮ್ಮ ಹಿರಿಯರು ಏನು ಮಾಡಬಲ್ಲವರಾಗಿದ್ದರು ಎಂಬುದು ತಿಳಿದಿರುತ್ತದೆ; ಆದುದರಿಂದ ತಾವು ಏನು ಮಾಡಬಾರದು ಎಂಬುದೂ ತಿಳಿಯುತ್ತದೆ.

ಕ್ಷಮೆಯೆಂಬುದು ಒಮ್ಮೆ ಕೇಳಿ ಮುಗಿಸುವ ಮಾತಲ್ಲ. ಕಿತ್ತೆಸೆದಾಗ ಮತ್ತೆ ನೆಡಬೇಕು, ತೂತು ಬಿದ್ದಾಗ ಮತ್ತೆ ಬರೆಯಬೇಕು, ಬರೆಯುವಾಗ ತೂತು ಬಿದ್ದದ್ದನ್ನೂ ಬರೆಯಬೇಕು. ಟ್ಯಾಲಹ್ಯಾಚಿ ನದಿಯ ದಂಡೆಯಲ್ಲಿ ನಿಂತಿರುವ ಆ ಭಾರವಾದ ಫಲಕವು ದಾರಿಹೋಕರಿಗೆ ತಿಳಿಸುವುದು ಇದನ್ನೇ. ಅದನ್ನು ಓದಿ ಹಿಂದಿರುಗುವವನು ತನ್ನ ಮನೆಯ, ತನ್ನ ಅಂಗಡಿಯ, ತನ್ನ ಊರಿನ ಪುಸ್ತಕವನ್ನು ಒಮ್ಮೆ ತೆರೆದು, ಹೊಸ ಪುಟದ ಮೊದಲ ಸಾಲು ಖಾಲಿ ಬಿದ್ದಿದೆಯೇ ಎಂದು ನೋಡಿಕೊಂಡರೆ ಓದಿದ್ದು ಸಾರ್ಥಕ.